ಗಾರ್ಡನ್ ಪಾರ್ಕ್ಸನ ದರ್ಶನವೂ ಕಥನವೂ

ಕವಿಯಾಗತಕ್ಕವನಲ್ಲಿ ದರ್ಶನ, ವರ್ಣನ ಎಂಬ ಎರಡು ಶಕ್ತಿಗಳು ಕೂಡಿಯೇ ಇರಬೇಕೆಂಬುದು ಭಾರತೀಯ ಆಲಂಕಾರಿಕರ ಮತ. ಕಾಣುವುದು ಮೊದಲನೆಯದು, ಕಂಡುದನ್ನು ಕ್ರಮಗೊಳಿಸಿ ಸಹೃದಯನ ಮನಸ್ಸಿಗೆ ಮುಟ್ಟಿಸುವುದು ಎರಡನೆಯದು. ಕಾವ್ಯವನ್ನು ಕುರಿತು ಹುಟ್ಟಿದ ಈ ವಿವೇಕವು ಯಂತ್ರಯುಗದ ಕಲೆಗಳಾದ ಛಾಯಾಚಿತ್ರ, ಚಲಚ್ಚಿತ್ರಗಳಿಗೂ ಸಲ್ಲತಕ್ಕದ್ದೇ ಆಗಿದೆ. ಛಾಯಾಗ್ರಾಹಕನು ಒಂದು ಕ್ಷಣವನ್ನು ಕಾಣುತ್ತಾನೆ. ಆದರೆ ಆ ಕ್ಷಣವು ಯಾವ ಕ್ಷಣದ ಪಕ್ಕದಲ್ಲಿ ನಿಲ್ಲಬೇಕು, ಅದರ ಕೆಳಗೆ ಯಾವ ಮಾತು ಬರಬೇಕು, ಅದನ್ನು ಲೋಕಕ್ಕೆ ತೋರಿಸಬೇಕೋ ಬೇಡವೋ ಎಂಬ ನಿರ್ಣಯ ಅನೇಕ ವೇಳೆ ಅವನ ಕೈಯಲ್ಲಿರುವುದಿಲ್ಲ. ಕಂಡವನೊಬ್ಬ, ಹೇಳುವವನಿನ್ನೊಬ್ಬ ಎಂಬಂತಾಗುತ್ತದೆ. ಅಮೆರಿಕದ ಗಾರ್ಡನ್ ಪಾರ್ಕ್ಸನು ಈ ಭೇದವನ್ನು ಮೂವತ್ತು ವರ್ಷಗಳ ಕಾಲ ಅನುಭವಿಸಿ, ಐವತ್ತು ದಾಟಿದ ಮೇಲೆ ಹೇಳುವ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಂಡನು. ಅವನ ಜೀವಿತದ ಸಾರಾಂಶವೆಲ್ಲವೂ ಈ ಒಂದು ಪ್ರಯತ್ನದಲ್ಲಿದೆಯೆಂದರೆ ತಪ್ಪಾಗಲಾರದು.

ಪಾರ್ಕ್ಸನು ಹುಟ್ಟಿದುದು ೧೯೧೨ನೆಯ ಇಸವಿ ನವೆಂಬರ್ ೩೦ರಂದು, ಕ್ಯಾನ್ಸಸ್ ಸಂಸ್ಥಾನದ ಫೋರ್ಟ್ ಸ್ಕಾಟ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಆಂಡ್ರೂ ಬಡ ಬೇಸಾಯಗಾರ, ತಾಯಿ ಸಾರಾ. ಹದಿನೈದು ಮಕ್ಕಳಲ್ಲಿ ಇವನೇ ಕೊನೆಯವನು. ಹುಟ್ಟಿದಾಗ ಉಸಿರಿಲ್ಲದ ಕೂಸನ್ನು ವೈದ್ಯನೊಬ್ಬನು ಮಂಜಿನ ನೀರಿನಲ್ಲಿ ಮುಳುಗಿಸಿ ಅಳಿಸಿ ಬದುಕಿಸಿದನೆಂದೂ, ಆ ವೈದ್ಯನ ಹೆಸರಾದ ಗಾರ್ಡನ್ ಎಂಬುದನ್ನೇ ತನಗೆ ಇಟ್ಟರೆಂದೂ ಅವನೇ ಹೇಳಿಕೊಂಡಿದ್ದಾನೆ. ಆ ಊರಿನಲ್ಲಿ ಕರಿಯರ ಮಕ್ಕಳಿಗೆ ಪ್ರಾಥಮಿಕ ಶಾಲೆ ಬೇರೆ. ಪ್ರೌಢಶಾಲೆಯಲ್ಲಿ ಎಲ್ಲರೂ ಒಂದೇ ಸೂರಿನ ಕೆಳಗೆ ಕುಳಿತರೂ ಆಟದ ಬಯಲಿಗೆ ಕರಿಯ ಹುಡುಗರಿಗೆ ಪ್ರವೇಶವಿರಲಿಲ್ಲ. ನೀವು ಮುಂದೆ ಓದಿದರೂ ಅಡಿಗೆಯವರೋ ಕೂಲಿಯಾಳುಗಳೋ ಆಗತಕ್ಕವರು, ತಂದೆತಾಯಿಗಳ ಹಣವನ್ನು ಕಾಲೇಜಿಗಾಗಿ ಪೋಲುಮಾಡಬೇಡಿರಿ ಎಂಬ ಅರ್ಥದ ಉಪದೇಶವನ್ನು ಒಬ್ಬ ಉಪಾಧ್ಯಾಯಿನಿ ಮಕ್ಕಳಿಗೆ ಕೊಟ್ಟಳಂತೆ. ಅನೇಕ ವಿಶ್ವವಿದ್ಯಾಲಯಗಳು ಮುಂದೆ ಈ ಶಿಷ್ಯನಿಗೆ ಗೌರವ ಪದವಿಗಳನ್ನು ಕೊಟ್ಟುವು. ಹನ್ನೊಂದರ ವಯಸ್ಸಿನಲ್ಲಿ ಮೂವರು ಬಿಳಿಯ ಹುಡುಗರು ಈಜು ಬಾರದ ಇವನನ್ನು ಹೊಳೆಗೆ ನೂಕಿದ್ದೂ ಉಂಟು. ಆ ಹೊಳೆಯ ಭಯ ಅವನ ಬರೆವಣಿಗೆಯಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಹದಿಹರೆಯದಲ್ಲಿ ತಾಯಿ ತೀರಿಕೊಂಡಳು. ಆಕೆಯ ಶವಪೆಟ್ಟಿಗೆಯ ಪಕ್ಕದಲ್ಲಿಯೇ ಆ ರಾತ್ರಿ ಮಲಗಿದ್ದ ಬಾಲಕನನ್ನು ಉತ್ತರದ ಮಿನೆಸೋಟ ಸಂಸ್ಥಾನದ ಸೇಂಟ್ ಪಾಲ್ ನಗರದಲ್ಲಿದ್ದ ಅಕ್ಕನ ಮನೆಗೆ ಕಳುಹಿಸಿದರು. ಕೆಲವು ವಾರಗಳಲ್ಲಿಯೇ ಭಾವನು ಚಳಿಗಾಲದ ನಡುವೆ ಅವನನ್ನು ಮನೆಯಿಂದ ಹೊರಹಾಕಿದನು. ಮಲಗಲು ಸ್ಥಳವಿಲ್ಲದೆ ಎರಡು ನಗರಗಳ ನಡುವೆ ಓಡಾಡುತ್ತಿದ್ದ ಟ್ರಾಂ ಗಾಡಿಯಲ್ಲಿ ಕುಳಿತು ಅವನು ಅನೇಕ ರಾತ್ರಿಗಳನ್ನು ಕಳೆದನು. ಆ ಮೇಲೆ ಮಾಡದ ಕೆಲಸವಿಲ್ಲ: ಹೋಟೆಲಿನಲ್ಲಿ ಮೇಜು ಒರಸಿದನು, ಪಿಯಾನೋ ಬಾರಿಸಿದನು, ಹಾಡು ಕಟ್ಟಿದನು, ಕೊನೆಗೆ ರೈಲಿನ ಊಟದ ಗಾಡಿಯಲ್ಲಿ ಪರಿಚಾರಕನಾದನು. ಶಾಲೆಯ ವಿದ್ಯೆ ಅಲ್ಲಿಗೆ ಮುಗಿಯಿತು.

ಆ ರೈಲಿನಲ್ಲಿಯೇ ಅವನ ಬಾಳಿನ ತಿರುವು ಕಾದಿತ್ತು. ಪ್ರಯಾಣಿಕನೊಬ್ಬನು ಬಿಟ್ಟುಹೋಗಿದ್ದ ಒಂದು ಪತ್ರಿಕೆಯಲ್ಲಿ, ಬರಗಾಲದಿಂದ ನೆಲ ಬಿಟ್ಟು ಊರೂರು ಅಲೆಯುತ್ತಿದ್ದ ಕೂಲಿಕಾರರ ಛಾಯಾಚಿತ್ರಗಳನ್ನು ಅವನು ನೋಡಿದನು. ಇನ್ನೊಂದು ನಿಮಿತ್ತವೂ ಕೂಡಿ ಬಂದಿತು. ೧೯೩೭ರ ಡಿಸೆಂಬರಿನಲ್ಲಿ ಚೀನದ ಯಾಂಗ್ಟ್ಸೆ ನದಿಯಲ್ಲಿದ್ದ ಅಮೆರಿಕದ ಪನಾಯ್ ನೌಕೆಯ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದುವು. ನಾರ್ಮನ್ ಆಲಿ ಎಂಬ ಛಾಯಾಗ್ರಾಹಕನು ಆ ದಾಳಿಯ ನಡುವೆಯೇ ನಿಂತು ವಾರ್ತಾಚಿತ್ರ ತೆಗೆದನು. ಷಿಕಾಗೋ ನಗರದ ಚಿತ್ರಮಂದಿರದಲ್ಲಿ ಪಾರ್ಕ್ಸನು ಆ ಚಿತ್ರವನ್ನು ಕಂಡನು. ಚಿತ್ರ ಮುಗಿದೊಡನೆ ಆಲಿಯೇ ರಂಗದ ಮೇಲೆ ಬಂದು ನಿಂತುದನ್ನೂ ಕಂಡನು. ಅನಂತರ ಸಿಯಾಟಲ್ ನಗರದ ಒಂದು ಗಿರವಿ ಅಂಗಡಿಯಲ್ಲಿ ಏಳೂವರೆ ಡಾಲರಿಗೆ ಒಂದು ಹಳೆಯ ಕ್ಯಾಮರಾ ಕೊಂಡನು. ಹೀಗೆ ಅವನನ್ನು ಸ್ಥಿರಚಿತ್ರದ ಕಡೆಗೆ ತಿರುಗಿಸಿದವುಗಳಲ್ಲಿ ಒಂದು ಚಲಚ್ಚಿತ್ರವೇ ಆಗಿತ್ತೆಂಬುದು ಗಮನಾರ್ಹವಾದ ಸಂಗತಿ. ಅವನು ಮುಂದೆ ಹಿಡಿದ ದಾರಿ ಅಕಸ್ಮಾತ್ತಾದುದಲ್ಲ. ಬೀಜವು ಮೊದಲೇ ಬಿದ್ದಿತ್ತು.

೧೯೪೨ರಲ್ಲಿ ಜೂಲಿಯಸ್ ರೋಸನ್‌ವಾಲ್ಡ್ ನಿಧಿಯ ವಿದ್ಯಾರ್ಥಿವೇತನ ಪಡೆದು ಪಾರ್ಕ್ಸನು ರಾಜಧಾನಿಯಾದ ವಾಷಿಂಗ್ಟನ್ನಿಗೆ ಬಂದನು. ಅವನು ರೈಲಿನಲ್ಲಿ ನೋಡಿದ್ದಂತಹ ಚಿತ್ರಗಳನ್ನು ತೆಗೆಯಿಸುತ್ತಿದ್ದುದು ಸರ್ಕಾರದ ಕೃಷಿ ಭದ್ರತಾ ಇಲಾಖೆಯ ಛಾಯಾಚಿತ್ರ ವಿಭಾಗ. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್. ಹೊಸ ಶಿಷ್ಯನ ಕ್ಯಾಮರಾವನ್ನು ತೆಗೆದಿರಿಸಿಕೊಂಡು, ಪೇಟೆಗೆ ಹೋಗಿ ಒಂದು ಅಂಗಿ ಕೊಂಡು, ಊಟ ಮಾಡಿ, ಸಿನಿಮಾ ನೋಡಿ ಬರುವಂತೆ ಸ್ಟ್ರೈಕರನು ಹೇಳಿದನು. ಮೂರು ಕಡೆಯೂ ಕರಿಯನೆಂಬ ಕಾರಣದಿಂದ ಅವನನ್ನು ಹಿಂದಕ್ಕೆ ಕಳುಹಿಸಿದರು. ಕೆರಳಿ ಹಿಂತಿರುಗಿದವನಿಗೆ ಗುರುವು ಕೊಟ್ಟ ಬುದ್ಧಿ ಅಮೂಲ್ಯವಾದುದು: ದ್ವೇಷಿಯೊಬ್ಬನ ಮುಖವನ್ನು ಚಿತ್ರಿಸಿ ಕೆಳಗೆ ದ್ವೇಷಿಯೆಂದು ಬರೆದರೆ ಪ್ರಯೋಜನವಿಲ್ಲ, ಇಲ್ಲಿ ಬಾಳಿದ ಕರಿಯರನ್ನು ಮಾತನಾಡಿಸು ಎಂದನು.

ಅದೇ ಕಟ್ಟಡದಲ್ಲಿ ರಾತ್ರಿಯ ಹೊತ್ತು ನೆಲ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಎಂಬಾಕೆಯನ್ನು ಪಾರ್ಕ್ಸನು ಮಾತನಾಡಿಸಿದನು. ಆಕೆಯ ತಂದೆಯನ್ನು ಬಿಳಿಯರ ಗುಂಪೊಂದು ವಿಚಾರಣೆಯಿಲ್ಲದೆ ಕೊಂದಿತ್ತು. ಗಂಡನೂ ಇರಲಿಲ್ಲ. ಅಲ್ಪ ಸಂಬಳದಲ್ಲಿ ಮಕ್ಕಳನ್ನು ಸಾಕುತ್ತಿದ್ದಳು. ಗೋಡೆಯ ಮೇಲೆ ತೂಗಿದ್ದ ಅಮೆರಿಕದ ಧ್ವಜದ ಮುಂದೆ, ಒಂದು ಕಡೆ ಪೊರಕೆ, ಇನ್ನೊಂದು ಕಡೆ ನೆಲ ಒರಸುವ ಕೋಲು ಇಟ್ಟು ಆಕೆಯನ್ನು ನಿಲ್ಲಿಸಿ ಅವನು ಚಿತ್ರ ತೆಗೆದನು. ಗ್ರಾಂಟ್ ವುಡ್ ಎಂಬ ಚಿತ್ರಕಾರನು ೧೯೩೦ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಎಂಬ ವರ್ಣಚಿತ್ರದಲ್ಲಿ ಕವಲುಗೋಲು ಹಿಡಿದ ರೈತನನ್ನು ಆ ದೇಶದವರೆಲ್ಲರೂ ಬಲ್ಲರು. ಪಾರ್ಕ್ಸನ ಛಾಯಾಚಿತ್ರವೂ ಅದೇ ಹೆಸರಿನಿಂದ ಪ್ರಸಿದ್ಧವಾಯಿತು. ಇಂತಹ ಚಿತ್ರಗಳಿಂದ ಎಲ್ಲರ ಕೆಲಸಕ್ಕೂ ಸಂಚಕಾರ ಬಂದೀತೆಂದು ಸ್ಟ್ರೈಕರನು ಅಂಜಿದರೂ, ಆಕೆಯ ಸಂಗಡವೇ ಕೆಲಸ ಮುಂದುವರಿಸೆಂದು ಹೇಳಿದುದು ಅವನ ದೊಡ್ಡ ಗುಣ. ಪಾರ್ಕ್ಸನು ಆಕೆಯ ಮನೆ, ಮೊಮ್ಮಕ್ಕಳು, ಪೂಜಾಸ್ಥಾನ, ಬೀದಿ ಎಲ್ಲವನ್ನೂ ಚಿತ್ರಿಸಿದನು. ಒಂದೇ ಚಿತ್ರ ಮಾಡಬಹುದಾದುದು ಆಕ್ಷೇಪ. ಚಿತ್ರಗಳ ಸಾಲು ಮಾಡಬಹುದಾದುದು ಪರಿಚಯ. ಕಥೆ ಹೇಳುವ ಬುದ್ಧಿ ಅವನಲ್ಲಿ ಮೊಳೆತುದು ಇಲ್ಲಿಯೇ.

೧೯೪೮ರಲ್ಲಿ ಅವನು ‘ಲೈಫ್’ ಎಂಬ ಸಚಿತ್ರ ವಾರಪತ್ರಿಕೆಯ ಬಾಗಿಲಿಗೆ ಬಂದನು. ಅದರ ಸಿಬ್ಬಂದಿಯಲ್ಲಿ ಸೇರಿದ ಮೊದಲನೆಯ ಕರಿಯ ಛಾಯಾಗ್ರಾಹಕನೂ ಆದನು. ಲಕ್ಷಾಂತರ ಮನೆಗಳಿಗೆ ಹೋಗುತ್ತಿದ್ದ ಆ ಪತ್ರಿಕೆ ಅವನಿಗೆ ಕೊಟ್ಟ ವೇದಿಕೆ ಅಸಾಮಾನ್ಯವಾದುದು. ಆದರೆ ವೇದಿಕೆಯ ಜೊತೆಗೆ ಸಂಪಾದಕನ ಕತ್ತರಿಯೂ ಬಂದಿತು. ನ್ಯೂಯಾರ್ಕಿನಲ್ಲಿ ಕರಿಯರು ವಾಸಿಸುವ ಹಾರ್ಲೆಂ ಭಾಗದ ಒಬ್ಬ ತರುಣ ಗುಂಪಿನ ನಾಯಕನ ಜೊತೆ ವಾರಗಟ್ಟಲೆ ಇದ್ದು ಅವನು ನೂರಾರು ಚಿತ್ರಗಳನ್ನು ತೆಗೆದನು. ಆ ಹುಡುಗನು ಮನೆಯಲ್ಲಿ ತಾಯಿಗೆ ನೆರವಾಗುವುದೂ, ತಮ್ಮನೊಡನೆ ನಗುವುದೂ ಅವುಗಳಲ್ಲಿದ್ದುವು. ಪತ್ರಿಕೆ ಆರಿಸಿಕೊಂಡ ೨೧ ಚಿತ್ರಗಳಲ್ಲಿ ಮೇಲುಗೈಯಾದುದು ಜಗಳ, ರಕ್ತ, ಭಯ. ಚಿತ್ರಗಳು ಸುಳ್ಳಲ್ಲ, ಆಯ್ಕೆ ಮಾತ್ರ ಬೇರೊಂದು ಕಥೆ ಹೇಳಿತು.

೧೯೫೦ರಲ್ಲಿ ನಡೆದುದು ಇದಕ್ಕಿಂತ ಮನನೀಯವಾದುದು. ಪತ್ರಿಕೆಯ ಕೆಲಸದ ಮೇಲೆ ಪಾರ್ಕ್ಸನು ಫೋರ್ಟ್ ಸ್ಕಾಟಿಗೆ ಹಿಂತಿರುಗಿ, ಕರಿಯರ ಶಾಲೆಯಲ್ಲಿ ತನ್ನೊಡನೆ ಓದಿದ ಸಹಪಾಠಿಗಳನ್ನು ಹುಡುಕಿಕೊಂಡು ಹೊರಟನು. ಅವರಲ್ಲಿ ಬಹುಮಂದಿ ಊರು ಬಿಟ್ಟು ಕ್ಯಾನ್ಸಸ್ ಸಿಟಿ, ಸೇಂಟ್ ಲೂಯಿ, ಷಿಕಾಗೋ, ಡಿಟ್ರಾಯಿಟ್ ಮುಂತಾದ ನಗರಗಳಿಗೆ ಚದುರಿ ಹೋಗಿದ್ದರು. ಅವರವರ ಮನೆಗಳ ಮುಂದೆ, ಕುಟುಂಬದೊಡನೆ, ಗೌರವದಿಂದ ನಿಂತ ಅವರ ಚಿತ್ರಗಳನ್ನು ತೆಗೆದು ಲೇಖನವನ್ನೂ ಸಿದ್ಧಪಡಿಸಿದನು. ಅದು ‘ಲೈಫ್’ನಲ್ಲಿ ಅಚ್ಚಾಗಲೇ ಇಲ್ಲ. ೨೦೧೫ರಲ್ಲಿ, ಅವನು ಕಾಲವಾದ ಎಷ್ಟೋ ವರ್ಷಗಳ ಮೇಲೆ, ಬೋಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಿತು. ಹೊಡೆದಾಟದ ಕರಿಯನಿಗೆ ಪತ್ರಿಕೆಯಲ್ಲಿ ಸ್ಥಳವಿತ್ತು. ಮನೆಯ ಮೆಟ್ಟಿಲ ಮೇಲೆ ಹೆಂಡತಿಯೊಡನೆ ನಿಂತ ಸಾಮಾನ್ಯ ಕರಿಯನಿಗೆ ಸ್ಥಳ ದೊರೆಯಲಿಲ್ಲ.

ಅಚ್ಚಾದ ಚಿತ್ರಗಳಿಂದಲೂ ಸಂಕಟ ತಪ್ಪಲಿಲ್ಲ. ೧೯೫೬ರಲ್ಲಿ ದಕ್ಷಿಣದ ಅಲಬಾಮ ಸಂಸ್ಥಾನದ ಒಂದು ಕುಟುಂಬದ ದಿನಚರಿಯನ್ನು ಅವನು ವರ್ಣಚಿತ್ರಗಳಲ್ಲಿ ಹಿಡಿದನು. ಹಬ್ಬದ ಉಡುಪಿನ ಹೆಂಗಸು ಮಗುವಿನ ಕೈ ಹಿಡಿದು ನಿಂತಿದ್ದಾಳೆ; ತಲೆಯ ಮೇಲೆ ಕರಿಯರ ದ್ವಾರವೆಂಬ ದೀಪದ ಫಲಕ. ಕುಡಿಯುವ ನೀರಿನ ನಲ್ಲಿಗಳು ಎರಡು. ಬೇರೆ ನೀರು, ಬೇರೆ ಬಾಗಿಲು ಎಂದರೇನೆಂಬುದನ್ನು ಭಾರತೀಯ ವಾಚಕರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಪತ್ರಿಕೆ ಹೊರಬಿದ್ದ ಮೇಲೆ ಆ ಕುಟುಂಬದ ಉಪಾಧ್ಯಾಯಿನಿಯೊಬ್ಬಳು ಕೆಲಸ ಕಳೆದುಕೊಂಡಳು. ಆಕೆಯೂ ಗಂಡನೂ ಊರನ್ನೇ ಬಿಡಬೇಕಾಯಿತು. ಚಿತ್ರ ತೆಗೆದವನು ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಬಹುದು; ಚಿತ್ರದಲ್ಲಿರುವವರು ಅಲ್ಲಿಯೇ ಇರತಕ್ಕವರು. ಸತ್ಯವನ್ನು ತೋರಿಸಿದುದರ ಬೆಲೆಯನ್ನು ತೆತ್ತವರು ಅವರು.

ಇದೇ ಪ್ರಶ್ನೆ ೧೯೬೧ರಲ್ಲಿ ಮತ್ತೊಂದು ರೂಪ ತಾಳಿತು. ಬ್ರೆಜಿಲ್ ದೇಶದ ರಿಯೋ ನಗರದ ಬೆಟ್ಟದ ಕೊಳೆಗೇರಿಯಲ್ಲಿ ಪಾರ್ಕ್ಸನು ಫ್ಲಾವಿಯೋ ಎಂಬ ಹನ್ನೆರಡು ವರ್ಷದ ಬಾಲಕನನ್ನು ಕಂಡನು. ಉಬ್ಬಸದಿಂದ ನವೆದ ಆ ಹುಡುಗನು ತಂದೆತಾಯಿಗಳು ಕೂಲಿಗೆ ಹೋದಾಗ ತಮ್ಮ ತಂಗಿಯರಿಗೆ ಅಡಿಗೆ ಮಾಡಿ, ಮೈತೊಳೆಯಿಸಿ, ಮನೆಯ ಹಿರಿಯನಾಗಿದ್ದನು. ಸಂಪಾದಕರು ಬಯಸಿದುದು ಬಡವನಾದ ಒಬ್ಬ ತಂದೆಯ ಕಥೆಯನ್ನು. ಪಾರ್ಕ್ಸನು ಹಿಡಿದುದು ಈ ಬಾಲಕನನ್ನು. ಲೇಖನ ಓದಿದ ಜನ ಸಾವಿರಾರು ಡಾಲರ್ ಕಳುಹಿಸಿದರು. ಹುಡುಗನನ್ನು ಅಮೆರಿಕದ ಡೆನ್ವರಿನ ಆಸ್ಪತ್ರೆಗೆ ಕರೆತಂದು ಚಿಕಿತ್ಸೆ ಮಾಡಿಸಿದರು; ಅವನ ಕುಟುಂಬಕ್ಕೆ ಹೊಸ ಮನೆ ದೊರೆಯಿತು. ಇತ್ತ ಬ್ರೆಜಿಲಿನ ‘ಓ ಕ್ರುಜೇರೊ’ ಪತ್ರಿಕೆಯು ತನ್ನ ಛಾಯಾಗ್ರಾಹಕನನ್ನು ನ್ಯೂಯಾರ್ಕಿಗೆ ಕಳುಹಿಸಿ, ಅಲ್ಲಿಯ ಬಡತನವನ್ನು ಚಿತ್ರಿಸಿ ಮುಯ್ಯಿ ತೀರಿಸಿಕೊಂಡಿತು. ಎರಡು ವರ್ಷಗಳ ಮೇಲೆ ಗುಣಮುಖನಾದ ಫ್ಲಾವಿಯೋ ತನ್ನ ದೇಶಕ್ಕೆ ಮರಳಬೇಕಾಯಿತು; ಅವನಿಗೆ ಮರಳುವ ಮನಸ್ಸಿರಲಿಲ್ಲ. ೧೯೭೬ರಲ್ಲಿ ಪಾರ್ಕ್ಸನು ಅವನನ್ನು ಪುನಃ ಕಂಡಾಗ ಅವನು ಕಾವಲುಗಾರನ ಕೆಲಸ ಮಾಡುತ್ತಿದ್ದನು. ಅಮೆರಿಕಕ್ಕೆ ಹೋಗುವ ಆಸೆ ಆಗಲೂ ಅಡಗಿರಲಿಲ್ಲ. ಒಂದು ಪ್ರಾಣ ಉಳಿಯಿತೆಂಬುದು ನಿಜ. ಉಳಿದ ಪ್ರಾಣಕ್ಕೆ ಎರಡು ಲೋಕಗಳ ನಡುವೆ ನೆಲೆಯಿಲ್ಲದೆ ಹೋಯಿತೆಂಬುದೂ ನಿಜ. ೧೯೭೮ರಲ್ಲಿ ಪಾರ್ಕ್ಸನು ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದನು.

ಚಲಚ್ಚಿತ್ರದಲ್ಲಿ ಅವನ ಮೊದಲ ಹೆಜ್ಜೆಗಳೂ ಇಂತಹ ವಸ್ತುಗಳ ಮೇಲೆಯೇ ಬಿದ್ದುವು. ಫ್ಲಾವಿಯೋನನ್ನು ಕುರಿತು ೧೯೬೪ರಲ್ಲಿ ಒಂದು ಕಿರುಚಿತ್ರ, ಹಾರ್ಲೆಮ್ಮಿನ ಒಂದು ಬಡ ಸಂಸಾರವನ್ನು ಕುರಿತು ೧೯೬೮ರಲ್ಲಿ ಒಂದು ಸಾಕ್ಷ್ಯಚಿತ್ರ, ಹೀಗೆ ಅವನು ಕೈಪಳಗಿಸಿಕೊಂಡನು. ಈ ಎರಡನೆಯ ಸಂಸಾರಕ್ಕೂ ಪತ್ರಿಕೆಯ ನೆರವಿನಿಂದ ಬೇರೊಂದು ಮನೆ ದೊರೆತಿತ್ತು. ಸ್ವಲ್ಪಕಾಲದಲ್ಲಿಯೇ ಆ ಮನೆಗೆ ಬೆಂಕಿ ಬಿದ್ದು ಯಜಮಾನನೂ ಒಬ್ಬ ಮಗನೂ ಸತ್ತರು. ಉಪಕಾರವು ಕೂಡ ಮನುಷ್ಯನ ಕೈಯಲ್ಲಿ ಪೂರ್ತಿಯಾಗಿ ಇರುವ ವಸ್ತುವಲ್ಲವೆಂಬ ಕಠಿನ ಪಾಠವನ್ನು ಅವನು ಹೀಗೆ ಎರಡೆರಡು ಬಾರಿ ಕಲಿತನು.

೧೯೬೩ರಲ್ಲಿ ತನ್ನ ಬಾಲ್ಯವನ್ನು ಆಧರಿಸಿ ‘ದಿ ಲರ್ನಿಂಗ್ ಟ್ರೀ’ ಎಂಬ ಕಾದಂಬರಿಯನ್ನು ಅವನು ಪ್ರಕಟಿಸಿದ್ದನು. ನಟನೂ ನಿರ್ದೇಶಕನೂ ಆದ ಜಾನ್ ಕ್ಯಾಸವಿಟೀಸನ ಶಿಫಾರಸಿನಿಂದ ವಾರ್ನರ್ ಬ್ರದರ್ಸ್ ಸಂಸ್ಥೆ ಅದನ್ನು ಚಿತ್ರವಾಗಿಸಲು ಒಪ್ಪಿತು. ಕಥೆ, ಚಿತ್ರಕಥೆ, ನಿರ್ಮಾಣ, ನಿರ್ದೇಶನ, ಸಂಗೀತ ಈ ಎಲ್ಲವೂ ಅವನದೇ. ಹಾಲಿವುಡ್ಡಿನ ದೊಡ್ಡ ಸಂಸ್ಥೆಯೊಂದರ ಚಿತ್ರವನ್ನು ಕರಿಯನೊಬ್ಬನು ನಿರ್ದೇಶಿಸಿದುದು ಅದೇ ಮೊದಲು. ೧೯೬೮ರಲ್ಲಿ ಚಿತ್ರೀಕರಣ ನಡೆದುದು ಫೋರ್ಟ್ ಸ್ಕಾಟಿನಲ್ಲಿಯೇ, ಪ್ರದರ್ಶನ ೧೯೬೯ರಲ್ಲಿ. ಅಚ್ಚಾಗದೆ ಉಳಿದ ಊರಿನ ಕಥೆಯನ್ನು ಹತ್ತೊಂಬತ್ತು ವರ್ಷಗಳ ಮೇಲೆ ಯಾವ ಕತ್ತರಿಗೂ ಕೊಡದೆ ಅವನೇ ಹೇಳಿದನು.

ಆ ಕಥೆಯ ತಿರುಳು ಅವನ ಬಾಳಿನ ತಿರುಳೇ ಆಗಿದೆ. ನ್ಯೂಟ್ ಎಂಬ ಕರಿಯ ಬಾಲಕನು ಕೊಟ್ಟಿಗೆಯ ಅಟ್ಟದ ಮೇಲಿಂದ ಒಂದು ಕೊಲೆಯನ್ನು ಕಾಣುತ್ತಾನೆ. ಸತ್ತವನು ಬಿಳಿಯ ರೈತ. ಕೊಂದವನು ಕರಿಯ, ಅದೂ ತನ್ನ ಜೊತೆಯ ಹುಡುಗನೊಬ್ಬನ ತಂದೆ. ಆದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿರುವವನು ನಿರಪರಾಧಿಯಾದ ಒಬ್ಬ ಬಿಳಿಯ. ಬಾಲಕನು ಸುಮ್ಮನಿದ್ದರೆ ನಿರಪರಾಧಿ ಸಾಯುತ್ತಾನೆ. ನುಡಿದರೆ ಊರಿನ ಕರಿಯರ ಮೇಲೆ ರೋಷ ಉಕ್ಕೀತು. ನ್ಯೂಟನು ನುಡಿಯುತ್ತಾನೆ, ಕೊಲೆಗಾರನು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಕಂಡವನಿಗೆ ನುಡಿಯುವ ಕರ್ತವ್ಯವಿದೆ, ನುಡಿದುದರ ಫಲವನ್ನು ಹೊರುವ ಹೊಣೆಯೂ ಇದೆ ಎಂಬುದನ್ನು ಪಾರ್ಕ್ಸನು ಉಪದೇಶದಿಂದ ಹೇಳದೆ ಒಬ್ಬ ಬಾಲಕನ ನಡುಗುವ ಧ್ವನಿಯಿಂದ ಹೇಳಿಸಿದನು. ಅಲಬಾಮದ ಉಪಾಧ್ಯಾಯಿನಿಯ ನೆನಪು ಆ ದೃಶ್ಯವನ್ನು ಬರೆದವನ ಮನಸ್ಸಿನಲ್ಲಿ ಇಲ್ಲದಿರುವುದು ಹೇಗೆ? ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗಾಗಿ ೧೯೮೯ರಲ್ಲಿ ಮೊದಲು ಆರಿಸಿದ ೨೫ ಚಿತ್ರಗಳಲ್ಲಿ ಇದೂ ಒಂದಾಯಿತು.

೧೯೭೧ರಲ್ಲಿ ಬಂದ ‘ಶಾಫ್ಟ್’ ಬೇರೆ ಜಾತಿಯ ಚಿತ್ರ. ರಿಚರ್ಡ್ ರೌಂಡ್‌ಟ್ರೀ ಎಂಬ ನಟನು ಯಾರಿಗೂ ತಲೆಬಾಗದ ಕರಿಯ ಪತ್ತೇದಾರನಾಗಿ ತೆರೆಯ ಮೇಲೆ ನಡೆದು ಬಂದಾಗ ಪ್ರೇಕ್ಷಕರು ಹುಚ್ಚೆದ್ದರು. ಅದರ ಹಾಡಿಗಾಗಿ ಐಸಕ್ ಹೇಯ್ಸನು ಆಸ್ಕರ್ ಪಾರಿತೋಷಕ ಪಡೆದನು. ಆ ಯಶಸ್ಸನ್ನು ನೋಡಿ ನಿರ್ಮಾಪಕರು ಕರಿಯರ ಹೊಡೆದಾಟದ ಚಿತ್ರಗಳನ್ನು ಒಂದರ ಮೇಲೊಂದರಂತೆ ತೆಗೆದರು. ಪಾರ್ಕ್ಸನ ಹಿರಿಯ ಮಗನೇ ೧೯೭೨ರಲ್ಲಿ ‘ಸೂಪರ್ ಫ್ಲೈ’ ಎಂಬ ಚಿತ್ರವನ್ನು ನಿರ್ದೇಶಿಸಿದನು. ೧೯೭೯ರಲ್ಲಿ ಕೀನ್ಯದಲ್ಲಿ ವಿಮಾನಾಪಘಾತದಿಂದ ಆತನು ತೀರಿಕೊಂಡನು. ಈ ಬಗೆಯ ಚಿತ್ರಗಳು ಕರಿಯರನ್ನು ಗೂಂಡರನ್ನಾಗಿ ತೋರಿಸಿ ಹಣ ಮಾಡುತ್ತವೆಂದು ಅವರ ಸಂಘಗಳೇ ಆಕ್ಷೇಪಿಸಿದುವು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಹಾರ್ಲೆಮ್ಮಿನ ಹುಡುಗನ ಚಿತ್ರಗಳಲ್ಲಿ ಜಗಳವನ್ನೇ ಆರಿಸಿದ ಸಂಪಾದಕರನ್ನು ದೂರಬಹುದಾದರೆ, ಅದೇ ಬೀದಿಗಳಲ್ಲಿ ಪಿಸ್ತೂಲಿನ ಕಥೆ ಹೇಳಿದ ನಿರ್ದೇಶಕನನ್ನೂ ಪ್ರಶ್ನಿಸಬಹುದು. ಆದರೂ ಒಂದು ಭೇದವಿದೆ. ಶಾಫ್ಟನು ಯಾರ ಭಯಕ್ಕೂ ಯಾರ ಕನಿಕರಕ್ಕೂ ವಸ್ತುವಲ್ಲ. ಅವನು ಕಥೆಯ ಕರ್ತೃ. ಪರರ ಕಥೆಗಳಲ್ಲಿ ಸೇವಕನಾಗಿಯೇ ನಿಂತಿದ್ದ ಜನಕ್ಕೆ ಅದು ಸಣ್ಣ ಲಾಭವಲ್ಲ.

ಅನಂತರದ ಚಿತ್ರಗಳಲ್ಲಿ ಪಾರ್ಕ್ಸನು ಮತ್ತೆ ಗಂಭೀರ ವಸ್ತುಗಳಿಗೆ ಮರಳಿದನು. ೧೯೭೬ರ ‘ಲೆಡ್‌ಬೆಲ್ಲಿ’ ಸೆರೆಮನೆಯಲ್ಲಿ ನವೆದ ಜನಪದ ಗಾಯಕ ಹಡ್ಡಿ ಲೆಡ್‌ಬೆಟರನ ಚರಿತ್ರೆ. ಸರಿಯಾದ ಪ್ರಚಾರ ದೊರೆಯದೆ ಅದು ಬಹುಜನರನ್ನು ಮುಟ್ಟಲಿಲ್ಲ. ಸ್ವತಂತ್ರನಾಗಿ ಹುಟ್ಟಿ, ಮೋಸದಿಂದ ಗುಲಾಮಗಿರಿಗೆ ಮಾರಲ್ಪಟ್ಟು, ಹನ್ನೆರಡು ವರ್ಷಗಳ ಮೇಲೆ ಬಿಡುಗಡೆ ಹೊಂದಿದ ಸಾಲೊಮನ್ ನಾರ್ಥಪನು ೧೮೫೩ರಲ್ಲಿ ಪ್ರಕಟಿಸಿದ ಆತ್ಮವೃತ್ತವನ್ನು ಅವನು ೧೯೮೪ರಲ್ಲಿ ಸಾರ್ವಜನಿಕ ದೂರದರ್ಶನಕ್ಕಾಗಿ ಚಿತ್ರವಾಗಿಸಿದನು. ಅದೇ ಕಥೆಯನ್ನು ಸ್ಟೀವ್ ಮೆಕ್‌ಕ್ವೀನನು ೨೦೧೩ರಲ್ಲಿ ಮತ್ತೆ ತೆರೆಗೆ ತಂದಾಗ ಲೋಕವೆಲ್ಲ ಕೊಂಡಾಡಿತು. ಮೂವತ್ತು ವರ್ಷ ಮೊದಲೇ ಆ ದಾರಿಯಲ್ಲಿ ನಡೆದವನ ಹೆಸರು ಕೆಲವರಿಗೆ ಮಾತ್ರ ನೆನಪಾಯಿತು.

೨೦೦೬ರ ಮಾರ್ಚ್ ೭ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ, ಪಾರ್ಕ್ಸನು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ದೇಹವನ್ನು ಫೋರ್ಟ್ ಸ್ಕಾಟಿಗೆ ಒಯ್ದು ತಂದೆತಾಯಿಗಳ ಬಳಿ ಹೂಳಿದರು. ಕಳೆದುಹೋದುವೆಂದು ತಿಳಿದಿದ್ದ ಅಲಬಾಮದ ೨೦೦ಕ್ಕೂ ಹೆಚ್ಚು ವರ್ಣಚಿತ್ರಗಳು ಅವನ ಹೆಸರಿನ ಪ್ರತಿಷ್ಠಾನಕ್ಕೆ ಒಂದು ಪೆಟ್ಟಿಗೆಯ ತಳದಲ್ಲಿ ಸಿಕ್ಕಿದುವು. ‘ಲೈಫ್’ ಅಚ್ಚು ಹಾಕಿದ್ದುದು ಕೇವಲ ೨೬. ೨೦೧೭ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ತರುಣ ಗಾಯಕನು ತನ್ನ ಒಂದು ಹಾಡಿನ ಚಿತ್ರದಲ್ಲಿ ಪಾರ್ಕ್ಸನ ಹಳೆಯ ಛಾಯಾಚಿತ್ರಗಳ ಭಂಗಿಗಳನ್ನೇ ಮರಳಿ ಕಟ್ಟಿದನು. ಹೀಗೆ ಸ್ಥಿರಚಿತ್ರಗಳು ಮತ್ತೊಂದು ತಲೆಮಾರಿನ ಕೈಯಲ್ಲಿ ಚಲಿಸತೊಡಗಿವೆ.

ತನ್ನ ಆತ್ಮಕಥೆಗೆ ಅವನು ಇಟ್ಟ ಹೆಸರಿನ ಅರ್ಥ ಆಯುಧಗಳ ಆಯ್ಕೆ ಎಂದು. ಬಡತನವನ್ನೂ ವರ್ಣದ್ವೇಷವನ್ನೂ ಎದುರಿಸಲು ಕತ್ತಿಗೆ ಕೈಹಾಕಬಹುದಾಗಿದ್ದವನು ಕ್ಯಾಮರಾವನ್ನು ಆರಿಸಿದನೆಂಬುದು ಅದರ ಅಭಿಪ್ರಾಯ. ಆದರೆ ಆಯುಧವೆಂಬ ಮಾತಿನಲ್ಲಿಯೇ ಒಂದು ಎಚ್ಚರವೂ ಅಡಗಿದೆ: ಆಯುಧವು ಹಿಡಿದವನ ಗುರಿಯನ್ನು ಮಾತ್ರವಲ್ಲದೆ ನಡುವೆ ನಿಂತವರನ್ನೂ ತಾಗಬಲ್ಲುದು. ಪಾರ್ಕ್ಸನ ಹಿರಿಮೆ ಇದನ್ನು ಅರಿತುದರಲ್ಲಿದೆ. ಚಿತ್ರ ಅಚ್ಚಾದೊಡನೆ ಅವನು ಫ್ಲಾವಿಯೋನನ್ನು ಮರೆಯಲಿಲ್ಲ. ಹದಿನೈದು ವರ್ಷಗಳ ಮೇಲೆ ಹುಡುಕಿಕೊಂಡು ಹೋಗಿ, ತನ್ನ ಉಪಕಾರದ ಕುಂದನ್ನು ತಾನೇ ಬರೆದಿಟ್ಟನು. ಛಾಯಾಚಿತ್ರದಿಂದ ಚಲಚ್ಚಿತ್ರಕ್ಕೆ ಅವನು ನಡೆದುದು ಕೀರ್ತಿಗಾಗಿ ಮಾತ್ರವಲ್ಲ. ಕಂಡವರ ಬಾಳನ್ನು ಇಡಿಯಾಗಿ, ಅದರ ನಗುವಿನೊಡನೆಯೂ ಹೇಳಬೇಕೆಂಬ ಹಟಕ್ಕಾಗಿ. ಕಾಣಿಸಿಕೊಂಡವರಿಗೆ ಕಂಡವನು ಸಲ್ಲಿಸಬೇಕಾದ ಋಣವೊಂದಿದೆ. ಅದು ಎಂದಿಗೂ ಪೂರ್ತಿಯಾಗಿ ತೀರುವುದಿಲ್ಲ. ತೀರದೆಂದು ತಿಳಿದೂ ತೀರಿಸುತ್ತ ಹೋದವನು ಗಾರ್ಡನ್ ಪಾರ್ಕ್ಸ್.